ಬೆನ್ನು ನೋವು ಅಂದ್ಕೊಂಡಿದ್ದು ಪ್ರಾಸ್ಟೇಟ್ ಕ್ಯಾನ್ಸರ್: ಬೀಜದ ಅಂಗಡಿಯ ಕಾಕಾ ಕಳೆದ ಮೂರು ವರ್ಷ

ರಾಣೆಬೆನ್ನೂರು: ವಯಸ್ಸಾದ ಗಂಡಸರು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಎದ್ದರೆ ನಮ್ಮ ಕಡೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಬಹಳಷ್ಟು ಜನರಲ್ಲಿ ಅದು ವಯಸ್ಸಿನ ತೊಂದರೆಯೇ. ಆದರೆ ಕೆಲವರಲ್ಲಿ ಅದರ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಇರ್ತದೆ. ಪ್ಯಾಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ 68 ವರ್ಷದ ಹಿರಿಯರೊಬ್ಬರು ಮೂರು ವರ್ಷದಿಂದ ಈ ಕಾಯಿಲೆ ಜೊತೆ ಬದುಕ್ತಿದ್ದಾರೆ. ನಾನು ಅವರನ್ನ ಕಾಕಾ ಅಂತೀನಿ. "ಎಲ್ಲಾ ಬರಿ ತಮ್ಮಾ, ಹೆಸರು ಮಾತ್ರ ಹಾಕಬ್ಯಾಡ" ಅಂದ್ರು.

ಪ್ರಾಸ್ಟೇಟ್ ಅನ್ನೋದು ಗಂಡಸರಿಗೆ ಮಾತ್ರ ಇರೋ ಗ್ರಂಥಿ. ಮೂತ್ರಕೋಶದ ಕೆಳಗೆ, ಅಕ್ರೋಟ ಕಾಯಿಯಷ್ಟು ಗಾತ್ರ. ಮೂತ್ರದ ನಾಳ ಇದರ ನಡುವೆ ಹಾದು ಹೋಗ್ತದೆ. ಹಂಗಾಗಿ ಗ್ರಂಥಿ ಊದಿದರೆ ಮೂತ್ರ ಸಣ್ಣಗೆ, ತಡೆದು ತಡೆದು ಬರ್ತದೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗೋದು ಸಾಮಾನ್ಯ, ದೊಡ್ಡದಾಗಿದ್ದೆಲ್ಲಾ ಕ್ಯಾನ್ಸರ್ ಅಲ್ಲ. ತೊಡಕು ಏನಂದ್ರೆ, ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸಲ್ಲ.

ಕಾಕಾಗೆ ಆಗಿದ್ದೂ ಅದೇ. ಮೊದಲು ಸೊಂಟ ಹಿಡೀತು. ನಲವತ್ತು ವರ್ಷ ಗೊಬ್ಬರದ ಚೀಲ ಎತ್ತಿದ ಮನುಷ್ಯ, ಸೊಂಟ ನೋವಾಗದೆ ಇನ್ನೇನು ಅಂತ ಮನೆಯವರೂ ಅಂದ್ರು. ಎಣ್ಣೆ ತಿಕ್ಕಿಸಿದ್ರು, ಬೆಲ್ಟ್ ಕಟ್ಟಿದ್ರು, ಒಂದು ಕಡೆ ಎಂಟು ತಿಂಗಳು ನೋವಿನ ಗುಳಿಗಿ ನುಂಗಿದ್ರು. ಮಲಗಿದಾಗಲೂ ನೋವು ಬಿಡದೇ ಹೋದಾಗ ಇನ್ನೊಬ್ಬ ಡಾಕ್ಟರು ರಕ್ತದಲ್ಲಿ ಪಿಎಸ್‌ಎ ನೋಡಿಸಿ ಅಂದ್ರು. 86 ಬಂತು.

ಪಿಎಸ್‌ಎ ಅಂದ್ರೆ ಈ ಗ್ರಂಥಿ ತಯಾರಿಸೋ ಒಂದು ಪ್ರೋಟೀನ್. ಸಾಮಾನ್ಯವಾಗಿ 4 ನ್ಯಾನೋಗ್ರಾಂ ತನಕ ಚಿಂತೆ ಇಲ್ಲ ಅಂತಾರೆ. ಆದರೆ ಸೋಂಕಿದ್ರೂ, ಗ್ರಂಥಿ ಬರೀ ಊದಿದ್ರೂ ಅದು ಏರಬಹುದು. ಹಾಗಾಗಿ ಲ್ಯಾಬ್ ಚೀಟಿ ನೋಡಿ ಅಳೋದೂ ಬೇಡ, ಕುಣಿಯೋದೂ ಬೇಡ. ಡಾಕ್ಟರು ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡ್ತಾರೆ. ನಮ್ಮ ಗಂಡಸರು ಓಡಿ ಹೋಗೋದು ಇಲ್ಲೇ. ಖಾತ್ರಿ ಆಗೋದು ಬಯಾಪ್ಸಿಯಿಂದ, ಅಂದ್ರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡೋದರಿಂದ. ಕಾಕಾಗೆ ಬಯಾಪ್ಸಿ ಆಯ್ತು, ಮೂಳೆಯ ಸ್ಕ್ಯಾನ್ ಆಯ್ತು. ಕಾಯಿಲೆ ಸೊಂಟದ ಮೂಳೆಗೆ ಹೋಗಿತ್ತು.

ಗ್ರಂಥಿಯೊಳಗೇ ಇರುವಾಗ ಸಿಕ್ಕರೆ ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಪೂರ್ತಿ ಗುಣ ಆಗೋ ಅವಕಾಶ ಚೆನ್ನಾಗಿದೆ. ನಿಧಾನ ಬೆಳೆಯೋ ಜಾತಿಯಾದರೆ ಏನೂ ಮಾಡದೆ ಬರೀ ಕಣ್ಣಿಡೋದೂ ಉಂಟು. ಮೂಳೆಗೆ ಹೋದಮೇಲೆ ಲೆಕ್ಕ ಬೇರೆ, ಅದನ್ನ ಹತೋಟಿಯಲ್ಲಿ ಇಡೋದು. ಈ ಕ್ಯಾನ್ಸರ್‌ಗೆ ಗಂಡಸಿನ ಹಾರ್ಮೋನೇ ಗೊಬ್ಬರ. ಅದನ್ನ ನಿಲ್ಲಿಸಿದರೆ ಕಾಯಿಲೆ ಬಾಡ್ತದೆ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಅನ್ನೋ ಡಾಕ್ಟರು ಇದನ್ನ ತೋರಿಸಿದ್ರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾರ್ಮೋನ್ ನಿಲ್ಲಿಸೋಕೆ ದಾರಿ ಎರಡು: ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಇಲ್ಲಾ ವೃಷಣ ತೆಗೆಸೋ ಸಣ್ಣ ಆಪರೇಷನ್.

ಕಾಕಾ ಒಂದು ವರ್ಷ ಇಂಜೆಕ್ಷನ್ ತಗೊಂಡ್ರು. ಖರ್ಚು ತಡೀಲಿಲ್ಲ, ಆಪರೇಷನ್ ಮಾಡಿಸ್ಕೊಂಡ್ರು. ಇದನ್ನ ಹೇಳೋವಾಗ ದನಿ ಇಳಿಸಿದ್ರು, ಆಮೇಲೆ ತಾವೇ ನಕ್ಕು, "ಬೀಜದ ಅಂಗಡಿಯವಂಗ ಎಂಥಾ ಗತಿ ಬಂತು ನೋಡೋ" ಅಂದ್ರು.

ನಂತರದ ಬದುಕು ಸುಲಭ ಇಲ್ಲ. ಕೂತಲ್ಲೇ ಮೈಯೆಲ್ಲಾ ಬಿಸಿ ಏರಿ ಬೆವರು ಕಿತ್ತುಬರ್ತದೆ, ಮುಟ್ಟು ನಿಲ್ಲೋ ಹೊತ್ತಲ್ಲಿ ಹೆಂಗಸರಿಗೆ ಆಗೋ ಹಂಗೇ. "ಈಗರ ಗೊತ್ತಾತಲ್ಲ ನಿಮಗ" ಅಂತ ಕಾಕು ಅಂದ್ರಂತೆ. ಸುಸ್ತು, ಮೂಳೆ ಸವಕಳಿ, ಗಂಡ-ಹೆಂಡತಿ ಸಂಬಂಧದಲ್ಲಿ ಆಸಕ್ತಿ ಹೋಗೋದು ಇವೆಲ್ಲ ಇದ್ದದ್ದೇ. ಕಾಕಾಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಮೂತ್ರ ತಡ್ಕೊಳ್ಳೋಕೆ ಆಗದಿರೋದು. ಅಂಗಡಿ ಸಾಲಿನಲ್ಲಿ ಶೌಚಾಲಯ ಇಲ್ಲ. ಗಿರಾಕಿ ನಿಂತಿದ್ರೂ ಶೆಟರ್ ಅರ್ಧ ಎಳೆದು ಮನೆಗೆ ಹೋಗಬೇಕು. ದೊಡ್ಡವರ ಡೈಪರ್ ಇಲ್ಲಿ ಕೊಂಡ್ರೆ ಸುದ್ದಿ ಆಗ್ತದೆ ಅಂತ ಹರಿಹರದಿಂದ ತರಿಸ್ತಿದ್ರು.

ಇಷ್ಟೆಲ್ಲಾ ಮುಚ್ಚಿಡೋದು ಯಾಕೆ? ಬರೀ ನಾಚಿಕೆ ಅಲ್ಲ. ಅವರ ವ್ಯಾಪಾರ ನಡೆಯೋದೇ ಉದ್ರಿ ಮೇಲೆ. ಡಿಸ್ಟ್ರಿಬ್ಯೂಟರ್ ಇವರಿಗೆ ಉದ್ರಿ, ಇವರು ರೈತರಿಗೆ ಉದ್ರಿ, ಸುಗ್ಗಿಗೆ ವಸೂಲಿ. "ಕ್ಯಾನ್ಸರ್ ಅಂದ್ರ ಮುಗೀತು ಅಂತಾರ. ಮಾಲು ಕೊಡಾವ ಮೊದಲ ರೊಕ್ಕ ಇಡು ಅಂತಾನ, ಕೊಡಬೇಕಾದಾವ ಇಂವ ಹೋಗ್ಲಿ ಅಂತ ಕಾಯ್ತಾನ." ನಂಬಿಕೆ ಮೇಲೆ ಒಬ್ಬ ಡಿಸ್ಟ್ರಿಬ್ಯೂಟರ್‌ಗೆ ಹೇಳಿದ್ರು. 45 ದಿನದ ಗಡುವು 15 ದಿನಕ್ಕೆ ಇಳೀತು. ಕಾಯಿಲೆ ಇದ್ದೂ ಮೂರು ಮುಂಗಾರು ಅಂಗಡಿ ನಡೆಸಿದ ಮನುಷ್ಯನಿಗೆ ಇದು ಸರಿಯಾ? ನನಗಂತೂ ಸರಿ ಅನಿಸಲಿಲ್ಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿ. ಅಂಗಡಿಕಾರರಲ್ಲಿ ಎಪಿಎಲ್‌ನವರೇ ಜಾಸ್ತಿ, ನೆನಪಿಡಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಚಿಕಿತ್ಸೆಗೆ ಹೋಗಿಬರೋ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರೋ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ಫಾರ್ಮ್ ತುಂಬಿಸಿ ತಂದು ಸ್ಟೇಷನ್ ಕೌಂಟರ್‌ನಲ್ಲಿ ಕೊಡಬೇಕು. ಕಾಕಾಗೆ ಇದು ಗೊತ್ತಾಗಿದ್ದೇ ಎರಡನೇ ವರ್ಷ, ಹುಬ್ಬಳ್ಳಿಗೆ ಹೋಗುವಾಗ ಪಕ್ಕದಲ್ಲಿ ಕೂತ ಇನ್ನೊಬ್ಬ ರೋಗಿಯಿಂದ.

ಐವತ್ತು ದಾಟಿದವರು ಪಿಎಸ್‌ಎ ಬೇಕಾ ಬೇಡವಾ ಅಂತ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಅಪ್ಪನಿಗೋ ಅಣ್ಣ-ತಮ್ಮನಿಗೋ ಈ ಕಾಯಿಲೆ ಬಂದಿದ್ರೆ ಇನ್ನೂ ಮೊದಲೇ. ಈಗಾಗಲೇ ಕಾಯಿಲೆ ಇರೋರಿಗೆ ಬೆನ್ನು ನೋವಿನ ಜೊತೆ ಕಾಲು ಜೋಮು ಹಿಡಿದ್ರೆ, ಕಾಲಲ್ಲಿ ಶಕ್ತಿ ಕುಂದಿದ್ರೆ, ಮೂತ್ರ ಪೂರ್ತಿ ಕಟ್ಟಿದ್ರೆ ಬೆಳಗಾಗೋ ತನಕ ಕಾಯಬೇಡಿ. ಬೆನ್ನುಹುರಿ ಒತ್ತಿರಬಹುದು.

ಕಾಕಾನ ಪಿಎಸ್‌ಎ 86ರಿಂದ 0.9ಕ್ಕೆ ಇಳಿದಿತ್ತು. ಹೋದ ಸಲ 2.4 ಬಂದಿದೆ. ಹಾರ್ಮೋನ್ ಇಲ್ಲದೆಯೂ ಬೆಳೆಯೋದನ್ನ ಈ ಕ್ಯಾನ್ಸರ್ ಕೆಲವು ವರ್ಷಕ್ಕೆ ಕಲೀತದೆ, ಆಗ ಬೇರೆ ಗುಳಿಗಿ ಶುರು ಮಾಡ್ತಾರೆ. ಮುಂದಿನ ಸೋಮವಾರ ಮತ್ತೆ ರಕ್ತ ಕೊಡೋಕೆ ಹೋಗ್ತಾರೆ. ಅವತ್ತು ಅಂಗಡಿಯಲ್ಲಿ ಮಗ ಕೂರ್ತಾನೆ.