ಒಂದು ಪಾರ್, ಒಂದು ಒಂಬತ್ತು: ವಾರಾಂತ್ಯದ ಗಾಲ್ಫರ್‌ನ ಏರಿಳಿತ

ಗಾಲ್ಫ್ ಕ್ಲಬ್ಬು ಚೆಂಡಿಗೆ ತಗುಲಿಕೊಂಡಿರುವುದು ಹೆಚ್ಚುಕಡಿಮೆ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಹದಿನೆಂಟು ಹೋಲ್‌ಗಳ ಸುತ್ತನ್ನು 90 ಹೊಡೆತಗಳಲ್ಲಿ ಮುಗಿಸುವ ಹವ್ಯಾಸಿಯ ಲೆಕ್ಕ ಹಾಕಿದರೆ, ನಾಲ್ಕು ಗಂಟೆಯ ಆಟದಲ್ಲಿ ಕ್ಲಬ್ಬು ಚೆಂಡನ್ನು ಮುಟ್ಟಿದ ಒಟ್ಟು ಸಮಯ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಆಗುವುದಿಲ್ಲ. ತೋಳೆತ್ತಿ ಬೀಸುವ ಸಮಯವನ್ನೂ ಸೇರಿಸಿದರೆ ಮೂರು ನಿಮಿಷ ಆದೀತು. ಮಿಕ್ಕಿದ್ದೆಲ್ಲ ನಡಿಗೆ, ಕಾಯುವುದು, ಯೋಚಿಸುವುದು. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಔಟಾದರೆ ಬೌಲರ್‌ನ ಚಳಕಕ್ಕೂ ಒಂದು ಪಾಲು ಸಲ್ಲುತ್ತದೆ. ಗಾಲ್ಫ್‌ನಲ್ಲಿ ಚೆಂಡು ಹುಲ್ಲಿನ ಮೇಲೆ ಅಲುಗಾಡದೆ ಕೂತಿರುತ್ತದೆ; ಅದನ್ನು ಕಾಡಿಗೆ ಕಳಿಸಿದರೆ ಹೊಣೆ ಹೊರಲು ಬೇರೆ ಯಾರೂ ಇಲ್ಲ. ಹಾಗೆ ಕಳಿಸಿದ ಮೇಲೆ ಇನ್ನೂರು ಮೀಟರ್ ನಡೆಯಬೇಕು, ಆ ನಡಿಗೆಯುದ್ದಕ್ಕೂ ಅದೇ ಹೊಡೆತ ತಲೆಯಲ್ಲಿ ಸುತ್ತುತ್ತಿರುತ್ತದೆ.

ಬೆಂಗಳೂರಿಗೆ ಈ ಆಟ ಹೊಸದಲ್ಲ. ಹೈಗ್ರೌಂಡ್ಸ್ ಬಳಿಯ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ದೊಮ್ಮಲೂರು ಕಡೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳ, ಬಿಡದಿಯ ಈಗಲ್‌ಟನ್, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಅಂಗಳ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಸೀಮೆಯ ಅಂಗಳಗಳು, ಎಲ್ಲ ಕಡೆಯೂ ಶನಿವಾರ ಭಾನುವಾರ ನಸುಕಿನಲ್ಲೇ ಮೊದಲ ಟೀ, ಅಂದರೆ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದ ಬಳಿ ಜನ ಸೇರುತ್ತಾರೆ. ವೈದ್ಯರು, ನಿವೃತ್ತ ಸೇನಾಧಿಕಾರಿಗಳು, ಸಾಫ್ಟ್‌ವೇರ್‌ನವರು, ಎಸ್ಟೇಟಿನವರು. ಇವರಲ್ಲಿ ಬಹುಪಾಲು ಮಂದಿ ಹಣಕ್ಕಾಗಿ ಆಡುವವರಲ್ಲ, ಪತ್ರಿಕೆಯಲ್ಲಿ ಹೆಸರು ಬರಲೆಂದೂ ಅಲ್ಲ. ಆದರೂ ಹತ್ತನೇ ಹೋಲ್ ಹೊತ್ತಿಗೆ ಅವರ ಮುಖ ನೋಡಿದರೆ ಆ ದಿನ ಹೇಗೆ ಸಾಗುತ್ತಿದೆ ಎಂದು ದೂರದಿಂದಲೇ ಹೇಳಬಹುದು.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಪ್ರತಿ ಹೋಲ್‌ಗೂ ಒಂದು ‘ಪಾರ್’ ಇರುತ್ತದೆ, ಅಂದರೆ ನುರಿತವರು ಇಷ್ಟು ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಹಾಕಬೇಕು ಎಂಬ ಲೆಕ್ಕ. ಅದು ಮೂರು, ನಾಲ್ಕು ಅಥವಾ ಐದು. ಹದಿನೆಂಟೂ ಸೇರಿ ಸಾಮಾನ್ಯವಾಗಿ 72. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಪ್ರತಿ ಹೋಲ್‌ನಲ್ಲೂ ಬೋಗಿ ಮಾಡಿದವನಿಗೆ ಕೊನೆಯಲ್ಲಿ 90. ಆದರೆ ಹದಿನೆಂಟಕ್ಕೆ ಹದಿನೆಂಟೂ ಬೋಗಿ ಮಾಡಿ 90 ಮುಟ್ಟಿದವರನ್ನು ಹುಡುಕಿದರೆ ಸಿಗುವುದು ಕಷ್ಟ. ನಿಜವಾದ ಸ್ಕೋರ್ ಕಾರ್ಡಿನಲ್ಲಿ ನಾಲ್ಕು ಪಾರ್, ಒಂದು ಬರ್ಡಿ, ಹಲವು ಬೋಗಿ, ಮೂರು ನಾಲ್ಕು ಡಬಲ್, ನಡುವೆ ಎಲ್ಲೋ ಒಂದು ಎಂಟೋ ಒಂಬತ್ತೋ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಟಿವಿಯಲ್ಲಿ ಕಾಣುವ ಆಟಗಾರನಂತೆ ಆಡಿದವನು ಎಂಟಕ್ಕೆ ಕ್ಲಬ್ ಹಿಡಿಯಲೇ ಬಾರದವನಂತೆ ಆಡುತ್ತಾನೆ. ಇಬ್ಬರೂ ಒಬ್ಬನೇ.

ಹೀಗೇಕೆ ಎಂಬುದಕ್ಕೆ ಮೊದಲ ಉತ್ತರ ರೇಖಾಗಣಿತದಲ್ಲಿದೆ. ಚೆಂಡು 200 ಮೀಟರ್ ಹೋಗುತ್ತದೆ ಎಂದುಕೊಳ್ಳಿ. ಹೊರಡುವ ದಿಕ್ಕು ಎರಡು ಡಿಗ್ರಿ ತಪ್ಪಿದರೆ ಅದು ಬೀಳುವುದು ಗುರಿಯಿಂದ ಏಳು ಮೀಟರ್ ಆಚೆಗೆ. ನಾಲ್ಕು ಡಿಗ್ರಿ ತಪ್ಪಿದರೆ ಹದಿನಾಲ್ಕು ಮೀಟರ್. ಫೇರ್‌ವೇ ಎಂದು ಕರೆಯುವ ನುಣುಪು ಹುಲ್ಲಿನ ಪಟ್ಟಿಯ ಅಗಲ ಮೂವತ್ತು ಮೀಟರ್ ಇದ್ದರೆ, ಅದರ ನಡುವಿಗೆ ಗುರಿಯಿಟ್ಟವನಿಗೆ ನಾಲ್ಕು ಡಿಗ್ರಿಯೇ ಅಂಚು. ಕ್ಲಬ್ಬಿನ ಮುಖ ಅಷ್ಟು ಓರೆಯಾದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಇದರ ಮೇಲೆ ಚೆಂಡಿನ ತಿರುಗುವಿಕೆ ಬೇರೆ. ಕ್ಲಬ್ ಸಾಗುವ ದಾರಿಗೆ ಹೋಲಿಸಿದರೆ ಅದರ ಮುಖ ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಗಾಳಿಯಲ್ಲಿ ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್. ಬಲಗೈ ಹವ್ಯಾಸಿಗಳನ್ನು ಇದರಷ್ಟು ಕಾಡುವ ದೋಷ ಇನ್ನೊಂದಿಲ್ಲ. ಬಲಕ್ಕೆ ಹೋಗುತ್ತಿದೆ ಎಂದು ಹೆದರಿದವನು ಇನ್ನಷ್ಟು ಎಡಕ್ಕೆ ಗುರಿಯಿಟ್ಟು ಎಡಕ್ಕೆ ಎಳೆದು ಬೀಸುತ್ತಾನೆ. ದಾರಿಗೂ ಮುಖಕ್ಕೂ ನಡುವಿನ ಕೋನ ಹೆಚ್ಚುತ್ತದೆ, ಚೆಂಡು ಇನ್ನಷ್ಟು ಬಾಗುತ್ತದೆ. ಪರಿಹಾರವೆಂದು ಮಾಡಿದ್ದೇ ರೋಗವನ್ನು ಬೆಳೆಸುತ್ತದೆ.

ಒಂಬತ್ತು ಹೇಗೆ ಬರುತ್ತದೆಂದು ನೋಡೋಣ. ಪಾರ್ ನಾಲ್ಕರ ಹೋಲ್. ಹಿಂದಿನ ಎರಡರಲ್ಲಿ ಪಾರ್ ಸಿಕ್ಕಿದ ಹುಮ್ಮಸ್ಸು. ಟೀಯಿಂದ ಹೊಡೆದ ಚೆಂಡು ಬಲಕ್ಕೆ ಬಾಗಿ ಬಿಳಿ ಗೂಟಗಳ ಆಚೆ, ಅಂದರೆ ಅಂಗಳದ ಗಡಿಯ ಹೊರಗೆ ಬಿತ್ತು. ನಿಯಮದ ಪ್ರಕಾರ ಹೊಡೆದದ್ದು ಒಂದು, ದಂಡ ಒಂದು; ಮತ್ತೆ ಅದೇ ಟೀಯಿಂದ ಮೂರನೆಯದನ್ನು ಹೊಡೆಯಬೇಕು. ಅದು ಉದ್ದ ಹುಲ್ಲಿನ ರಫ್‌ಗೆ ಹೋಯಿತು. ಮುಂದೆ ಎರಡು ಮರಗಳ ನಡುವೆ ಕಿಂಡಿಯೊಂದು ಕಾಣುತ್ತದೆ. ಪಕ್ಕಕ್ಕೆ ತಳ್ಳಿ ಫೇರ್‌ವೇಗೆ ಬಂದರೆ ಸಾಕಿತ್ತು. ಆದರೆ ಕಳೆದುಕೊಂಡದ್ದನ್ನು ಈಗಲೇ ಈ ಒಂದೇ ಏಟಿನಲ್ಲಿ ವಾಪಸು ತರಬೇಕೆಂಬ ಹಟ. ನಾಲ್ಕನೆಯದು ಮರಕ್ಕೆ ಬಡಿಯಿತು. ಐದನೆಯದು ಬಂಕರಿನ ಮರಳಿಗೆ. ಆರನೆಯದು ಅದೇ ಮರಳಿನಲ್ಲಿ ಉಳಿಯಿತು. ಏಳನೆಯದು ಗುಳಿಯ ಸುತ್ತಲಿನ ಗ್ರೀನ್‌ಗೆ, ಅಲ್ಲಿ ಚೆಂಡನ್ನು ಉರುಳಿಸಲು ಎರಡು ಪಟ್, ಒಂಬತ್ತು. ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಗಡಿ ದಾಟಿದ ಚೆಂಡು ಕಸಿದದ್ದು ಎರಡೇ ಹೊಡೆತ. ಆರರಲ್ಲಿ ಮುಗಿಯಬಹುದಾಗಿದ್ದದ್ದು ಒಂಬತ್ತಾದದ್ದಕ್ಕೆ ಬಹುಮಟ್ಟಿಗೆ ಕಾರಣ ಆ ಕಿಂಡಿ. ಹವ್ಯಾಸಿಯ ಕಾರ್ಡನ್ನು ಕೆಡಿಸುವುದು ಕೆಟ್ಟ ಹೊಡೆತಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೇ ಬರುವ ತೀರ್ಮಾನ.

ಈ ಮಾತು ಹವ್ಯಾಸಿಗಳಿಗೆ ಮಾತ್ರ ಅನ್ವಯಿಸುವುದಲ್ಲ. 1999ರ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಕಾರ್ನೂಸ್ಟಿ ಅಂಗಳದ ಕೊನೆಯ ಹೋಲ್‌ಗೆ ಬಂದಾಗ ಫ್ರಾನ್ಸಿನ ಜಾನ್ ವಾನ್ ದ ವೆಲ್ಡ್ ಮೂರು ಹೊಡೆತಗಳಿಂದ ಮುಂದಿದ್ದರು. ಆರು ಹೊಡೆದರೂ ಪ್ರಶಸ್ತಿ ಅವರದೇ. ಜೋಪಾನದ ದಾರಿ ಹಿಡಿಯದೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಎತ್ತಿಕೊಂಡರು, ಎರಡನೆಯ ಹೊಡೆತದ ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಹಿಂದೆ ಚಿಮ್ಮಿತು, ಮೂರನೆಯದು ತೊರೆಗೆ ಬಿತ್ತು. ಬೂಟು ಬಿಚ್ಚಿ ನೀರಿಗಿಳಿದು ನಿಂತ ಅವರ ಚಿತ್ರವನ್ನು ಗಾಲ್ಫ್ ಬಲ್ಲವರು ಮರೆತಿಲ್ಲ. ಏಳು ಹೊಡೆದು, ಪ್ಲೇಆಫ್‌ನಲ್ಲಿ ಪಾಲ್ ಲಾರಿ ಅವರಿಗೆ ಸೋತರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಅದಿತಿ ಅಶೋಕ್. ಬೆಂಗಳೂರಿನ ಈ ಹುಡುಗಿ ಐದರ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನಲ್ಲಿ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ನೋಡಿ ಆಸೆಪಟ್ಟು ಕ್ಲಬ್ ಹಿಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯೇ ಬ್ಯಾಗ್ ಹೊರುವ ಕ್ಯಾಡಿಯಾಗಿ ಜೊತೆಗಿದ್ದರು. ಅದಿತಿ ನಾಲ್ಕನೆಯ ಸ್ಥಾನ ಪಡೆದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮೂರನೆಯ ದಿನ ಅವರು ಹೊಡೆದದ್ದು 61. ಏಳು ಹೊಡೆತಗಳ ಮುನ್ನಡೆ. ಮರುದಿನ 77. ಅದೇ ಅಂಗಳ, ಅದೇ ಆಟಗಾರ್ತಿ, ಒಂದು ರಾತ್ರಿಯ ಅಂತರದಲ್ಲಿ ಹದಿನಾರು ಹೊಡೆತಗಳ ವ್ಯತ್ಯಾಸ. ಚಿನ್ನ ಥಾಯ್ಲೆಂಡಿನ ಅರ್ಪಿಚಾಯ ಯುಬೋಲ್ ಅವರ ಪಾಲಾಯಿತು. ಅದಿತಿಗೆ ಬೆಳ್ಳಿ ಬಂತು, ಅದೂ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ. ದಿನಕ್ಕೆ ಹಲವು ಗಂಟೆ ಇದನ್ನೇ ಉಸಿರಾಡುವವರಿಗೆ ಹೀಗಾಗಬಹುದಾದರೆ, ವಾರಕ್ಕೊಮ್ಮೆ ಆಡುವವನು ತನ್ನ 88ರ ಮರುವಾರ 101 ಬಂತೆಂದು ಕೊರಗಬೇಕಾದ ಅಗತ್ಯವಿಲ್ಲ.

ಟಿವಿ ಈ ಕೊರಗನ್ನು ಹೆಚ್ಚಿಸುತ್ತದೆ. ಅಲ್ಲಿ ತೋರಿಸುವುದು ಆ ದಿನ ಚೆನ್ನಾಗಿ ಆಡುತ್ತಿರುವ ಕೆಲವರನ್ನು ಮಾತ್ರ, ಹಾಗಾಗಿ ಎಂಟು ಅಡಿಯ ಪಟ್ ಎಲ್ಲವೂ ಗುಳಿಗೆ ಬೀಳುವಂತೆ ಕಾಣುತ್ತದೆ. ವಾಸ್ತವದಲ್ಲಿ ಎಂಟು ಅಡಿಯಿಂದ ಅಮೆರಿಕದ ಪಿಜಿಎ ಟೂರ್ ಆಟಗಾರರೇ ಹಾಕುವುದು ಸುಮಾರು ಅರ್ಧದಷ್ಟು. ಇದನ್ನು ಲಕ್ಷಾಂತರ ಹೊಡೆತಗಳ ದಾಖಲೆಯಿಂದ ಬಿಡಿಸಿ ತೋರಿಸಿದವರು ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಅವರ ಇನ್ನೊಂದು ಮಾತು ಹವ್ಯಾಸಿಗಳಿಗೆ ಹೆಚ್ಚು ಉಪಯೋಗದ್ದು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹುಟ್ಟುವುದು ನೂರು ಗಜಕ್ಕೂ ದೂರದ ಹೊಡೆತಗಳಲ್ಲಿ. ಪಟಿಂಗ್ ಮತ್ತು ಸಣ್ಣ ಹೊಡೆತಗಳ ಪಾಲು ಮೂರನೇ ಒಂದು. ತಪ್ಪಿಸಿಕೊಂಡ ಮೂರು ಅಡಿಯ ಪಟ್ ರಾತ್ರಿಯಿಡೀ ನೆನಪಾಗುತ್ತದೆ, ಬೆಳಿಗ್ಗೆ ಮರದ ಹಿಂದೆ ಹೋದ ಡ್ರೈವ್ ಮರೆತುಹೋಗುತ್ತದೆ. ನಷ್ಟ ಹೆಚ್ಚಾದದ್ದು ಎರಡನೆಯದರಿಂದ.

ನೆಲ, ಹವೆ ಕೂಡ ಲೆಕ್ಕ ಬದಲಿಸುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು, ಚೆಂಡು ಸ್ವಲ್ಪ ಹೆಚ್ಚು ದೂರ ಹೋಗುತ್ತದೆ. ಇಲ್ಲಿ ಆಡಿ ಪಳಗಿದವರು 1829ರಷ್ಟು ಹಳೆಯದಾದ ಕೋಲ್ಕತ್ತದ ರಾಯಲ್ ಕಲ್ಕತ್ತಾ ಅಂಗಳಕ್ಕೆ ಹೋದರೆ ಅದೇ ಕ್ಲಬ್ಬಿನ ಏಟು ಗ್ರೀನ್ ಮುಟ್ಟದೆ ಹೋಗಬಹುದು. ಅದು ಆಟಗಾರನ ಇಳಿತವಲ್ಲ, ಊರಿನ ಎತ್ತರದ ವ್ಯತ್ಯಾಸ.

ಏರಿಳಿತ ಈ ಆಟದ ಸ್ವಭಾವ ಎಂಬುದನ್ನು ನಿಯಮ ರೂಪಿಸಿದವರು ಬಹಳ ಹಿಂದೆಯೇ ಒಪ್ಪಿಕೊಂಡಿದ್ದಾರೆ, ಆಟಗಾರರು ಒಪ್ಪಲು ತಡಮಾಡುತ್ತಾರೆ. ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನ ಒಟ್ಟು ಹೊಡೆತಗಳಿಂದ ಕಳೆಯಲು ಬಿಡುವ ಸಂಖ್ಯೆಯೇ ಹ್ಯಾಂಡಿಕ್ಯಾಪ್. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆ ಕೊನೆಯ ಇಪ್ಪತ್ತು ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ ತೆಗೆದುಕೊಳ್ಳುತ್ತದೆ. ಮಿಕ್ಕ ಹನ್ನೆರಡನ್ನು ಪಕ್ಕಕ್ಕಿಡುತ್ತದೆ. ಅಂದರೆ ಹ್ಯಾಂಡಿಕ್ಯಾಪ್ ಹೇಳುವುದು ಆಟಗಾರ ಸಾಮಾನ್ಯವಾಗಿ ಹೇಗೆ ಆಡುತ್ತಾನೆಂಬುದನ್ನಲ್ಲ, ಚೆನ್ನಾಗಿ ಆಡಿದ ದಿನ ಎಷ್ಟು ಆಡಬಲ್ಲ ಎಂಬುದನ್ನು. ಆ ಎಂಟರ ಸರಾಸರಿಯನ್ನು ಮುಟ್ಟುವ ಅಥವಾ ಮೀರುವ ಸುತ್ತುಗಳು ಇಪ್ಪತ್ತರಲ್ಲಿ ನಾಲ್ಕರ ಆಸುಪಾಸು. ಹಾಗಾಗಿ ಹ್ಯಾಂಡಿಕ್ಯಾಪ್ 18 ಇರುವವನು ಐದು ವಾರದಲ್ಲಿ ನಾಲ್ಕು ವಾರ ಅದಕ್ಕಿಂತ ಕಳಪೆಯಾಗಿ ಆಡುವುದೇ ಸಹಜ. ಕೆಟ್ಟ ಹೋಲ್‌ಗೂ ಒಂದು ಮಿತಿಯಿದೆ: ಅವನು ಪಾರ್ ನಾಲ್ಕರಲ್ಲಿ ಒಂಬತ್ತು ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವುದು ಏಳು ಮಾತ್ರ.

ಇನ್ನೂ ಉದಾರವಾದ ಲೆಕ್ಕವೊಂದನ್ನು ಕೊಟ್ಟವರು ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು. ಲಿವರ್‌ಪೂಲ್ ಸಮೀಪದ ವಾಲಸಿಯ ಕಡಲತೀರದ ಅಂಗಳದಲ್ಲಿ ಗಾಳಿ ಜೋರು. ಸಾಧಾರಣ ಆಟಗಾರರ ಕಾರ್ಡು ಮೊದಲ ಒಂದೆರಡು ಹೋಲ್‌ಗಳಲ್ಲೇ ಕೆಟ್ಟು, ಉಳಿದ ಆಟದ ಆಸಕ್ತಿಯೇ ಹೋಗುತ್ತಿತ್ತು. 1932ರಲ್ಲಿ ಅಲ್ಲಿ ಅವರ ಪದ್ಧತಿಯಲ್ಲಿ ಸ್ಪರ್ಧೆ ನಡೆಯಿತು. ಇದರಲ್ಲಿ ಹೊಡೆತಗಳನ್ನು ಕೂಡುವುದಿಲ್ಲ, ಹೋಲ್‌ಗೆ ಇಷ್ಟು ಎಂದು ಅಂಕ ಕೊಡುತ್ತಾರೆ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ ಎರಡು, ಬೋಗಿಗೆ ಒಂದು, ಬರ್ಡಿಗೆ ಮೂರು. ಡಬಲ್ ಬೋಗಿಗೂ ಅದಕ್ಕಿಂತ ಕೆಟ್ಟದ್ದಕ್ಕೂ ಸೊನ್ನೆ. ಒಂಬತ್ತು ಹೊಡೆದರೂ ಸೊನ್ನೆಯೇ, ಹದಿಮೂರು ಹೊಡೆದರೂ ಸೊನ್ನೆಯೇ. ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಟೀಗೆ ನಡೆಯಬಹುದು. ವಾರಾಂತ್ಯದ ಆಟಕ್ಕೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ಇಲ್ಲ.

ಎಡವಿದ ಹವ್ಯಾಸಿಗಳ ಸಾಲಿನಲ್ಲಿ ದೊಡ್ಡ ಹೆಸರೊಂದಿದೆ. ಅಮೆರಿಕದ ಬಾಬಿ ಜೋನ್ಸ್ ಪ್ರಶಸ್ತಿಗಳ ಉತ್ತುಂಗದಲ್ಲಿದ್ದಾಗಲೂ ಹಣಕ್ಕಾಗಿ ಸ್ಪರ್ಧಿಸಲಿಲ್ಲ, ಅವರ ವೃತ್ತಿ ವಕೀಲಿಕೆ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿನಲ್ಲಿ ಬ್ರಿಟಿಷ್ ಓಪನ್‌ನ ಮೂರನೆಯ ಸುತ್ತು ಆಡುತ್ತಿದ್ದಾಗ ಹನ್ನೊಂದನೇ ಹೋಲ್‌ನ ಬಂಕರಿನಲ್ಲಿ ಸಿಕ್ಕಿಕೊಂಡು ಸಿಟ್ಟಿನಿಂದ ಸ್ಪರ್ಧೆಯನ್ನೇ ಬಿಟ್ಟರು. ಆಗ ಅವರಿಗೆ ಹತ್ತೊಂಬತ್ತು. 1925ರ ಯು.ಎಸ್. ಓಪನ್‌ನಲ್ಲಿ ತಮ್ಮ ಚೆಂಡು ಅಲುಗಿತೆಂದು, ಬೇರೆ ಯಾರೂ ನೋಡದಿದ್ದರೂ, ತಾವೇ ದಂಡ ಹಾಕಿಕೊಂಡರು. ಕೊನೆಗೆ ಪ್ಲೇಆಫ್‌ನಲ್ಲಿ ಸೋತರು. 1927ರಲ್ಲಿ ಅದೇ ಸೇಂಟ್ ಆಂಡ್ರ್ಯೂಸ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದರು, 1930ರಲ್ಲಿ ಒಂದೇ ವರ್ಷ ಆಗಿನ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದರು. ಹತ್ತೊಂಬತ್ತರ ಸಿಟ್ಟನ್ನು ಅವರು ಕ್ರಮೇಣ ಪಳಗಿಸಿಕೊಂಡರು.

ನಮ್ಮ ಅಂಗಳಗಳಲ್ಲಿ ಈ ಸಿಟ್ಟನ್ನು ಹತ್ತಿರದಿಂದ ಕಾಣುವವರು ಕ್ಯಾಡಿಗಳು. ಬ್ಯಾಗ್ ಹೊರುವುದು ಅವರ ಕೆಲಸದ ಒಂದು ಭಾಗ ಅಷ್ಟೇ. ಗ್ರೀನ್‌ನ ಇಳಿಜಾರು ಯಾವ ಕಡೆ, ಯಾವ ಮರದ ಆಚೆ ನೀರಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ‘ಸರ್, ಆ ಕಡೆ ಬೇಡ, ಮೊದಲು ಹೊರಗೆ ಬನ್ನಿ’ ಎಂಬ ಒಂದು ಮಾತು ಮೂರು ಹೊಡೆತ ಉಳಿಸುತ್ತದೆ. ಹೀಗೆ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ತನ್ನ ಕ್ಯಾಡಿಯ ಮಾತಿಗೆ ಕಿವಿಗೊಡದ ಹವ್ಯಾಸಿ ಅಂಗಳದಲ್ಲಿರುವ ಅತ್ಯುತ್ತಮ ಪಾಠವನ್ನು ಕೈಬಿಡುತ್ತಿದ್ದಾನೆ.

ಇಷ್ಟೆಲ್ಲ ಸಂಕಟವಿದ್ದೂ ಮುಂದಿನ ಭಾನುವಾರ ಮತ್ತೆ ಬರುವುದೇಕೆ? ಬಹುಮಾನ ಯಾವಾಗ ಸಿಗುತ್ತದೆಂದು ತಿಳಿಯದಿದ್ದಾಗಲೇ ಪ್ರಯತ್ನ ಬಿಡದೆ ಸಾಗುತ್ತದೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದರು. ಗಾಲ್ಫ್ ಕೊಡುವುದೂ ಅಂಥದೇ ಬಹುಮಾನ. 98ರ ಸುತ್ತಿನಲ್ಲಿಯೂ ಹದಿನಾರನೇ ಹೋಲ್‌ನಲ್ಲಿ ಏಳು-ಐರನ್ ಕ್ಲಬ್ಬಿನ ಒಂದು ಏಟು, ಚೆಂಡು ಎತ್ತರಕ್ಕೆ ಏರಿ, ಧ್ವಜದ ಪಕ್ಕಕ್ಕೆ ಇಳಿದು ನಿಲ್ಲುತ್ತದೆ. ಆ ಒಂದು ಹೊಡೆತ ವಿಶ್ವದ ಯಾವ ಚಾಂಪಿಯನ್‌ನ ಹೊಡೆತಕ್ಕೂ ಕಡಿಮೆಯಲ್ಲ. ಟೆನಿಸ್‌ನಲ್ಲಾಗಲಿ ಬ್ಯಾಡ್ಮಿಂಟನ್‌ನಲ್ಲಾಗಲಿ ಸಾಮಾನ್ಯನಿಗೆ ಇಂಥ ಸಮಾನತೆ ಸುಲಭಕ್ಕೆ ದಕ್ಕುವುದಿಲ್ಲ.

ಆದ್ದರಿಂದ ವಾರಾಂತ್ಯದ ಗಾಲ್ಫರ್‌ಗಳಲ್ಲಿ ಒಂದು ಕೋರಿಕೆ. ಮುಂದಿನ ಸುತ್ತಿಗೆ ಹೊರಡುವಾಗ ಕಾರ್ಡಿನ ಮೇಲೆ ಅಚ್ಚಾದ ಪಾರ್ ಪಕ್ಕದಲ್ಲಿ ನಿಮ್ಮ ಹ್ಯಾಂಡಿಕ್ಯಾಪ್ ಸೇರಿಸಿದ ನಿಮ್ಮದೇ ಪಾರ್ ಬರೆದುಕೊಳ್ಳಿ. ಹ್ಯಾಂಡಿಕ್ಯಾಪ್ 18 ಆದರೆ ನಾಲ್ಕರ ಹೋಲ್ ನಿಮಗೆ ಐದು. ಮರಗಳ ನಡುವೆ ಸಿಕ್ಕಿಕೊಂಡಾಗ ಪಕ್ಕಕ್ಕೆ ಹೊಡೆದು ಹೊರಬನ್ನಿ, ಗೆಳೆಯರನ್ನು ಒಪ್ಪಿಸಿ ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ ಆಡಿ, ಒಂಬತ್ತು ಬಂದರೆ ಒಂಬತ್ತೆಂದೇ ಬರೆಯಿರಿ.