ಒಣ ತಲೆಗೆ ಎಣ್ಣೆ, ಜಿಡ್ಡು ಹೊಟ್ಟಿಗೆ ಬೇರೆ ಮದ್ದು

ಮಾಗಿಯ ಮೂಡುಗಾಳಿ ಸುರುವಾದರೆ ಸಾಕು, ಅಂಗಳದ ಅಡಿಕೆಯ ಜೊತೆ ನಮ್ಮ ಮೈ ಚರ್ಮವೂ ಒಣಗುತ್ತದೆ. ಕೈಕಾಲಲ್ಲಿ ಬಿಳಿ ಗೆರೆ, ತುಟಿ ಒಡೆತ, ತಲೆಯಲ್ಲಿ ತುರಿಕೆ. ಬಾಚಿದರೆ ಹೆಗಲ ಮೇಲೆ ಬಿಳಿ ಪುಡಿ. ಮನೆಯ ಹಿರಿಯರ ಬಾಯಲ್ಲಿ ಇದಕ್ಕೆ ಒಂದೇ ಮದ್ದು: "ತಲೆಗೆ ಸರಿಯಾಗಿ ಎಣ್ಣೆ ಹಾಕು." ಕೆಲವರಿಗೆ ಇದರಿಂದ ಗುಣ ಸಿಗುತ್ತದೆ. ಇನ್ನು ಕೆಲವರಿಗೆ ಎಣ್ಣೆ ಹಾಕಿದಷ್ಟೂ ಹೊಟ್ಟು ಜಾಸ್ತಿ. ಯಾಕೆಂದರೆ ನಾವು ಹೊಟ್ಟು ಅಂತ ಕರೆಯುವುದು ಒಂದನ್ನಲ್ಲ, ಎರಡನ್ನು.

ಮೊದಲನೆಯದು ಬರೀ ಒಣ ತಲೆ. ಪುಡಿ ಸಣ್ಣದು, ಬಿಳಿ, ಕೊಡವಿದರೆ ಉದುರುತ್ತದೆ. ತಲೆಯ ಚರ್ಮ ಬಿಗಿದ ಹಾಗಿರುತ್ತದೆ. ಇಂಥವರ ಕೈಕಾಲೂ ಒಣಗಿರುತ್ತದೆ. ಎರಡನೆಯದು ನಿಜವಾದ ತಲೆಹೊಟ್ಟು. ಚಕ್ಕೆ ದೊಡ್ಡದು, ತುಸು ಹಳದಿ, ಬೆರಳಿಗೆ ಜಿಡ್ಡು ಜಿಡ್ಡು. ಹುಬ್ಬು, ಮೂಗಿನ ಬದಿ, ಕಿವಿಯ ಹಿಂದೆಯೂ ಕೆಂಪಾಗಿ ಸಿಪ್ಪೆ ಏಳುವುದುಂಟು. ಮಿಂದ ಎರಡೇ ದಿನಕ್ಕೆ ಮತ್ತೆ ಹಾಜರ್.

ಈ ಎರಡನೆಯದಕ್ಕೆ ಮಲಸೀಜಿಯ ಎಂಬ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯ ನಂಟಿದೆ. ಫ್ರಾನ್ಸಿನ ಮಲಸೇ ಎಂಬ ವಿಜ್ಞಾನಿಯ ನೆನಪಿಗೆ 1889ರಲ್ಲಿ ಇಟ್ಟ ಹೆಸರು ಇದು. ನಮ್ಮೆಲ್ಲರ ತಲೆಯಲ್ಲೂ ಇದು ಉಂಟು. ಚರ್ಮದ ಜಿಡ್ಡೇ ಇದರ ಊಟ. ಜಿಡ್ಡು ಒಡೆದಾಗ ಹೊರಬರುವ ಆಮ್ಲಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸುಮಾರು ತಿಂಗಳಿಗೊಮ್ಮೆ ಸದ್ದಿಲ್ಲದೆ ಕಳಚಬೇಕಾದ ಚರ್ಮ ಗಡಿಬಿಡಿಯಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಗೊಬ್ಬರ ಕೊಟ್ಟ ಹಾಗೆ.

ಒಣ ತಲೆಗೆ

ಒಣ ತಲೆಯವರು ಧಾರಾಳವಾಗಿ ಎಣ್ಣೆ ಹಾಕಬಹುದು. ಗಾಣದ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ, ಕೂದಲಿಗಲ್ಲ, ಬುಡಕ್ಕೆ ತಿಕ್ಕಿ. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಮೀಯಿರಿ. ವಾರಕ್ಕೆ ಎರಡು ಸಲ ಸಾಕು.

ನಮ್ಮ ಬಚ್ಚಲುಗಳದ್ದು ಒಂದು ದೋಷ ಉಂಟು. ಸೋಗೆ, ಹಾಳೆ, ಕೊತ್ತಳಿಗೆ ಬಿಟ್ಟಿ ಸಿಗುತ್ತದೆಂದು ಹಂಡೆ ಕುದಿಯುವವರೆಗೆ ಬೆಂಕಿ ಹಾಕ್ತೇವೆ. ಮೈಗೆ ಹಿತವಾದ ಆ ಬಿಸಿ ತಲೆಗೆ ಹಿತವಲ್ಲ, ಇದ್ದ ಜಿಡ್ಡನ್ನೆಲ್ಲ ಎಳೆದು ಬಿಡುತ್ತದೆ. ತಲೆಗೆ ಉಗುರು ಬೆಚ್ಚಗಿನ ನೀರು ಮಾತ್ರ. ಮೈ ಸೋಪನ್ನು ತಲೆಗೆ ಉಜ್ಜುವುದೂ ಬೇಡ. ಸೋಪು ಕ್ಷಾರ, ಬೋರಿನ ಗಡಸು ನೀರಾದರೆ ಅದರ ಕರೆ ಕೂದಲ ಬುಡದಲ್ಲೇ ಕೂತು ಹೊಟ್ಟಿನ ಹಾಗೇ ಕಾಣುತ್ತದೆ.

ಸೋಪಿನ ಬದಲು ಗೊಂಪು. ದಾಸವಾಳದ ಎಲೆ ಎರಡು ಹಿಡಿ ಕೊಯ್ದು ತೊಳೆದು, ಒಂದು ಚೆಂಬು ನೀರಲ್ಲಿ ಹತ್ತು ನಿಮಿಷ ನೆನೆಸಿ. ಆಮೇಲೆ ಕೈಯಲ್ಲೇ ಕಿವುಚಿ. ನೀರು ಲೋಳೆಯಾಗುತ್ತದೆ. ಬಟ್ಟೆಯಲ್ಲಿ ಸೋಸಲು ಮರೆಯಬೇಡಿ; ಇಲ್ಲವಾದರೆ ಎಲೆಯ ಚೂರು ಕೂದಲಲ್ಲಿ ಉಳಿದು, ಹೊಟ್ಟು ಹೋಗಿ ಸೊಪ್ಪು ಬಂತು ಅಂತ ಆದೀತು! ಶಿರಸಿ, ಸಿದ್ದಾಪುರ ಕಡೆಯವರಿಗೆ ಮತ್ತಿಯ ಗೊಂಪೇ ಆಗಬೇಕು. ಮತ್ತಿಯ ಎಳೆ ಸೊಪ್ಪನ್ನು ಹೀಗೇ ಕಿವುಚುವುದು. ಗೊಂಪು ನೊರೆ ಬರುವುದಿಲ್ಲ, ಆದರೆ ಎಣ್ಣೆಯನ್ನು ಹದವಾಗಿ ತೆಗೆಯುತ್ತದೆ, ಪೂರ್ತಿ ಬೋಳಿಸುವುದಿಲ್ಲ. ಎಣ್ಣೆ ಹೆಚ್ಚಾಗಿದ್ದರೆ ಮೂರು ಚಮಚ ಸೀಗೆಪುಡಿಯನ್ನು ಗಂಜಿ ತಿಳಿಯಲ್ಲಿ ಕಲಸಿ ಹಾಕಬಹುದು. ಕಣ್ಣು ಜೋಪಾನ. ಅಂಟುವಾಳ ಇನ್ನೂ ಖಾರ. ಒಣ ತಲೆಗೆ ಬೇಡವೆಂದೇ ನನ್ನ ಅಭಿಪ್ರಾಯ.

ಲಿಂಬೆ ರಸವನ್ನು ನೇರ ಉಜ್ಜುವವರಿದ್ದಾರೆ. ತುರಿಸಿ ಗಾಯವಾದಲ್ಲಿ ಉರಿ. ಹಾಗೇ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದೂ ಉಂಟು.

ಜಿಡ್ಡು ಹೊಟ್ಟಿಗೆ

ಗೊಂಪು, ಸೀಗೆ ತಲೆ ತೊಳೆಯುತ್ತವೆ ನಿಜ. ಬೂಷ್ಟನ್ನು ಹತೋಟಿಗೆ ತರಲು ಅವು ಸಾಲದು. ಮೆಡಿಕಲ್ ಅಂಗಡಿಯ 2% ಕೀಟೊಕೊನಜೋಲ್ ಶಾಂಪೂ ಇದಕ್ಕೇ ಇರುವಂಥದ್ದು. ತಲೆ ಒದ್ದೆ ಮಾಡಿ ಬುಡಕ್ಕೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದರೆ ದುಡ್ಡು ಬಚ್ಚಲ ಚರಂಡಿಗೆ. ವಾರಕ್ಕೆ ಎರಡು ಸಲ, 2ರಿಂದ 4 ವಾರ. ಮತ್ತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಮರುಕಳಿಸದ ಹಾಗೆ. ಗರ್ಭಿಣಿಯರು, ಸಣ್ಣ ಮಕ್ಕಳಿಗಾದರೆ ಡಾಕ್ಟರರನ್ನು ಕೇಳಿಯೇ ತನ್ನಿ. ನಾಟಿಮದ್ದಿನ ಅಭಿಮಾನಿಗಳಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಮಳೆಗಾಲ ಬಂತೆಂದರೆ ತೋಟಕ್ಕೆ ಬೋರ್ಡೋ ಹೊಡೆಸುವವರು ನಾವೇ ಅಲ್ಲವೇ?

ಬೋರ್ಡೋ ಅಂದಾಗ ನೆನಪಾಯಿತು. ಗೊನೆಗೆ ಹೊಡೆದ ದ್ರಾವಣ ಕೆಳಗಿದ್ದವರ ತಲೆಗೇ ಬೀಳುವುದು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಲೆಕ್ಕ. ಸುಣ್ಣ ಹೆಚ್ಚಾದರೆ ತಲೆಯ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ಮುಟ್ಟಾಳೆಯ ಕೆಳಗೆ ಒಂದು ಬಟ್ಟೆ ಕಟ್ಟಿ, ಅದೇ ಸಂಜೆ ತಲೆ ತೊಳೆಯಿರಿ. ಬೆವರು ಕುಡಿದ ತಲೆಬಟ್ಟೆಯನ್ನು ತೊಳೆಯದೆ ನಾಲ್ಕು ದಿನ ಸುತ್ತಿಕೊಂಡರೆ ತುರಿಕೆ ಹೆಚ್ಚದೆ ಇರುತ್ತದೆಯೇ?

ಕರುವಿನಿಂದ ಮಗುವಿಗೆ

ಮಕ್ಕಳ ತಲೆಯ ಸಿಪ್ಪೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಕಡೆ ದುಂಡಗೆ ಸಿಪ್ಪೆ ಎದ್ದು, ಅಲ್ಲಿ ಕೂದಲು ತುಂಡಾಗಿ ಉದುರಿದ್ದರೆ ಅದು ಹೊಟ್ಟಲ್ಲ, ಹುಳುಕಡ್ಡಿ ಇರಬಹುದು. ಹಟ್ಟಿಗೆ ಹೋಗಿ ನೋಡಿ. ಕರುವಿನ ಕಣ್ಣಿನ ಸುತ್ತ, ಕುತ್ತಿಗೆಯಲ್ಲಿ ಬೂದು ಬಣ್ಣದ ದುಂಡು ಹಕ್ಕಳೆ ಉಂಟೇ? ಕರುವನ್ನು ಅಪ್ಪಿ ಆಡಿದ ಮಗುವಿಗೆ ಅದು ದಾಟುತ್ತದೆ, ಬೆಕ್ಕಿನಿಂದಲೂ ಬರುತ್ತದೆ. ಇದಕ್ಕೆ ಎಣ್ಣೆ, ಗೊಂಪು, ಬರೀ ಮುಲಾಮು ಯಾವುದೂ ಸಾಲದು. ಹಲವು ವಾರ ಹೊಟ್ಟೆಗೇ ಮದ್ದು ಬೇಕು. ತಡ ಮಾಡಿ ಕೀವು ಗಟ್ಟಿದರೆ ಆ ಜಾಗದಲ್ಲಿ ಮತ್ತೆ ಕೂದಲು ಬಾರದೇ ಹೋದೀತು. ಮಗುವನ್ನು ಡಾಕ್ಟರಲ್ಲಿಗೆ, ಕರುವಿಗೆ ಪಶುವೈದ್ಯರನ್ನು, ಎರಡೂ ಒಟ್ಟಿಗೆ ಆಗಬೇಕು. ಅಲ್ಲಿಯವರೆಗೆ ಬಾಚಣಿಗೆ, ಬೈರಾಸು ಪ್ರತ್ಯೇಕ ಇಡಿ.

ದೊಡ್ಡವರಲ್ಲೂ ಬೆಳ್ಳಿಯಂಥ ದಪ್ಪ ಪದರ ಎದ್ದು, ಮೊಣಕೈ, ಮೊಣಕಾಲಲ್ಲೂ ಕಂಡರೆ ಅದು ಸೋರಿಯಾಸಿಸ್ ಇರಬಹುದು. ಚರ್ಮದ ಡಾಕ್ಟರರೇ ನೋಡಬೇಕು.

ಗೊಂಪು ಹಾಕಿ ಮಿಂದವರು ಕಲ್ಲಿಗೆ ಎರಡು ಚೆಂಬು ಬಿಸಿನೀರು ಹೊಯ್ದು ತಿಕ್ಕಿ ಬನ್ನಿ. ಲೋಳೆ ನಿಂತ ಬಚ್ಚಲು ಪಾಚಿಗಿಂತ ಜಾರುತ್ತದೆ, ನಿಮ್ಮ ನಂತರ ಮೀಯಲು ಹೋಗುವವರು ಅಜ್ಜಿಯೇ ಆಗಿರಬಹುದು.