ಹಂದಿಗೋಡು ಕಾಯಿಲೆ: ವಂಶದ ಹೊರೆ, ಗರ್ಭಿಣಿಯ ಪ್ರಶ್ನೆ

ಶಿವಮೊಗ್ಗ ಜಿಲ್ಲೆಯ ಎರಡು ಹಳ್ಳಿಗಳ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಸೇರಿಕೊಂಡಿದ್ದು, ಎರಡೂ ಸೇರಿರುವುದು ಕಾಯಿಲೆಗಳ ಹೆಸರಾಗಿಯೇ. ಸೊರಬ ತಾಲ್ಲೂಕಿನ ಕ್ಯಾಸನೂರು 1957ರಲ್ಲಿ ಉಣುಗುಗಳಿಂದ ಹರಡುವ ವೈರಸ್ ಜ್ವರಕ್ಕೆ, ಅಂದರೆ ಮಲೆನಾಡಿನವರು ಮಂಗನ ಕಾಯಿಲೆ ಎನ್ನುವ ರೋಗಕ್ಕೆ, ತನ್ನ ಹೆಸರನ್ನು ಕೊಟ್ಟಿತು. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು 1970ರ ದಶಕದ ನಡುವಿನಲ್ಲಿ ಮೂಳೆ ಮತ್ತು ಕೀಲುಗಳನ್ನು ಸವೆಸುವ ಇನ್ನೊಂದು ಕಾಯಿಲೆಗೆ ಹೆಸರಾಯಿತು. ಮೊದಲನೆಯದು ಕಾಡಿನಿಂದ ಬರುತ್ತದೆ, ಎರಡನೆಯದು ತಂದೆತಾಯಿಯಿಂದ ಬರುತ್ತದೆ. ಸೊರಬದ ಕುಪ್ಪಗಡ್ಡೆಯಂಥ ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ಮಂಗನ ಕಾಯಿಲೆಯ ಬಗ್ಗೆ ಬೇಸಿಗೆಗೆ ಮುನ್ನ ಎಚ್ಚರಿಕೆಯ ಮಾತು ಕೇಳಿಬರುವುದು ಸಹಜವಾಗಿದೆ. ಆದರೆ ವಂಶದಲ್ಲಿ ಹರಿದು ಬರುವ ಕಾಯಿಲೆಯ ಮಾತು ಗರ್ಭಿಣಿಯರ ತಪಾಸಣೆಯ ಸಾಲಿನಲ್ಲಿ ಅಷ್ಟಾಗಿ ಏಳುವುದಿಲ್ಲ, ಎದ್ದರೂ ಅದು ಶಾಪ, ಕರ್ಮ, ಜಾತಿ ಎಂಬ ಪದಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಹಂದಿಗೋಡು ಕಾಯಿಲೆ ಹುಟ್ಟಿದ ಕೂಸಿನಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಬಾಲ್ಯದಲ್ಲೋ ಹದಿಹರೆಯದಲ್ಲೋ, ಕೆಲವರಲ್ಲಿ ಮದುವೆಯಾಗಿ ಮಕ್ಕಳಾದ ಮೇಲೋ, ಸೊಂಟದ ಕೀಲಿನಲ್ಲಿ ನೋವು ಶುರುವಾಗುತ್ತದೆ. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡನೆಯ ಭಾಗವು ಸೊಂಟದ ಗುಳಿಯಲ್ಲಿ ನಯವಾಗಿ ಹೊರಳಬೇಕು; ಈ ಕಾಯಿಲೆಯಲ್ಲಿ ಅದು ಚಪ್ಪಟೆಯಾಗಿ, ಮೇಲಿನ ಮೃದ್ವಸ್ಥಿ ಸವೆದು, ಮೂಳೆಗೆ ಮೂಳೆ ತಿಕ್ಕುವ ಸ್ಥಿತಿ ಬರುತ್ತದೆ. ನಡಿಗೆ ಅತ್ತಿತ್ತ ವಾಲುತ್ತದೆ, ಆಮೇಲೆ ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ, ನೆಟ್ಟಿಯ ಕಾಲದಲ್ಲಿ ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಲ್ಲಲಾಗುವುದಿಲ್ಲ, ಕೊನೆಗೆ ಕೆಲವರು ಅಂಗಳದಿಂದ ಒಳಮನೆಗೆ ಹೋಗಬೇಕಾದರೂ ಎರಡು ಕೈಗಳನ್ನು ನೆಲಕ್ಕೆ ಊರಿ ದೇಹವನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ವೈದ್ಯರು ಇದರಲ್ಲಿ ಮೂರು ಬಗೆಗಳನ್ನು ಗುರುತಿಸಿದ್ದಾರೆ: ಎತ್ತರ ಸಾಮಾನ್ಯವಾಗಿದ್ದು ಮುಖ್ಯವಾಗಿ ಸೊಂಟದ ಕೀಲು ಮಾತ್ರ ಕೆಡುವುದು ಒಂದು, ಕೀಲಿನ ಜೊತೆಗೆ ಬೆನ್ನೆಲುಬಿನ ಮಣಿಗಳೂ ಚಪ್ಪಟೆಯಾಗಿ ಆಳು ಗಿಡ್ಡವಾಗುವುದು ಇನ್ನೊಂದು, ಕೈಕಾಲುಗಳ ಮೂಳೆಗಳೂ ಸೊಟ್ಟಗಾಗಿ ಎತ್ತರ ತೀರಾ ಕುಗ್ಗುವುದು ಮೂರನೆಯದು. ಒಂದೇ ಮನೆಯಲ್ಲಿ ಒಬ್ಬರಿಗೆ ಮೊದಲ ಬಗೆ, ಇನ್ನೊಬ್ಬರಿಗೆ ಎರಡನೆಯ ಬಗೆ ಇರುವುದುಂಟು.

ಕೂಲಿಯಿಂದ ಬದುಕುವ ಮನೆಗಳಲ್ಲಿ ಇದು ಕಾಣಿಸಿಕೊಂಡಾಗ ಮೊದಲ ಸಂಶಯ ಗದ್ದೆಯ ಮೇಲೆ ಬಿದ್ದುದು ಸಹಜವಾಗಿತ್ತು. ಹಸಿರು ಕ್ರಾಂತಿಯ ಆ ವರ್ಷಗಳಲ್ಲಿ ಭತ್ತದ ಗದ್ದೆಗಳಿಗೆ ಹೊಸ ಕೀಟನಾಶಕಗಳು ಬಂದಿದ್ದವು, ಗದ್ದೆಯ ಏಡಿ ಮತ್ತು ಮೀನು ಬಡವರ ಅಡುಗೆಯ ಭಾಗವಾಗಿದ್ದವು, ಆದುದರಿಂದ ವಿಷ ಏಡಿಯ ಮೂಲಕ ಮನುಷ್ಯರ ಮೈ ಸೇರಿತೆಂಬ ವಾದ ಬಹುಕಾಲ ಉಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ ಬಂದು ಅಧ್ಯಯನ ನಡೆಸಿದ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಆರ್.ವಿ. ಭಟ್ ಅವರು ಆಹಾರದ ವಿಷಗಳನ್ನು ಹುಡುಕುವುದರಲ್ಲೇ ಪಳಗಿದವರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಪ್ರದೇಶದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಜನ ಸತ್ತಾಗ ಅದರ ಹಿಂದಿನ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಗುರುತಿಸಿದವರೂ ಅವರೇ. ಅಂಥವರು ಕೂಡ ಹಂದಿಗೋಡಿನ ಕಾಯಿಲೆಗೆ ಕೊಟ್ಟ ಹೆಸರಿನಲ್ಲಿ ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂಬ ಅರ್ಥವಿತ್ತು. ರೋಗ ಊರಿನ ಎಲ್ಲರಿಗೂ ಅಲ್ಲ, ಕೆಲವೇ ಮನೆತನಗಳಿಗೆ, ಅಜ್ಜ ಅಥವಾ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಸಾಲಾಗಿ ಬರುತ್ತಿತ್ತು. ಒಂದೇ ಗದ್ದೆಯ ನೀರು, ಒಂದೇ ಗದ್ದೆಯ ಏಡಿ ಉಂಡ ಬೇರೆ ಮನೆಗಳು ಕಾಯಿಲೆಯಿಂದ ಪಾರಾಗಿದ್ದುದನ್ನು ವಿಷದ ವಾದ ವಿವರಿಸಲಾರದು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನಗಳು ವಂಶವೃಕ್ಷಗಳನ್ನೂ ಎಕ್ಸ್‌ರೇಗಳನ್ನೂ ಜೋಡಿಸಿ ನೋಡಿದವು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಲೇಖನ ಇದನ್ನು ಬೆನ್ನೆಲುಬು ಮತ್ತು ಮೂಳೆತುದಿಗಳ ಬೆಳವಣಿಗೆಯ ವಂಶಪಾರಂಪರ್ಯ ದೋಷವೆಂದು ವರ್ಗೀಕರಿಸಿತು. ದಕ್ಷಿಣ ಆಫ್ರಿಕದ ಮ್ಸೆಲೇನಿ ಎಂಬಲ್ಲಿನ ಜನರ ಕೀಲುರೋಗದೊಂದಿಗೆ ಇದನ್ನು ಹೋಲಿಸಿದ ಅಧ್ಯಯನವೂ 1997ರಲ್ಲಿ ಬಂತು.

ವಂಶಪಾರಂಪರ್ಯ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಎಲ್ಲ ವಂಶಪಾರಂಪರ್ಯ ಕಾಯಿಲೆಗಳೂ ಒಂದೇ ದಾರಿಯಲ್ಲಿ ಬರುವುದಿಲ್ಲ. ದೇಹದ ಬಹುತೇಕ ಜೀನುಗಳು, ಅಂದರೆ ದೇಹ ಕಟ್ಟುವ ಸೂಚನೆಗಳು, ಜೋಡಿಜೋಡಿಯಾಗಿರುತ್ತವೆ. ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಯನ್ನು ಅಪ್ರಬಲ ಎನ್ನುತ್ತಾರೆ. ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ರಕ್ತಹೀನತೆ ಈ ಗುಂಪಿನವು. ಇಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಂತರಾಗಿಯೇ ಕೆಟ್ಟ ಪ್ರತಿಯೊಂದನ್ನು ಹೊತ್ತಿರಬಹುದು, ಆಗ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹಂದಿಗೋಡು ಕಾಯಿಲೆ ಪ್ರಬಲ ಗುಂಪಿಗೆ ಸೇರಿದ್ದು, ಒಂದೇ ಕೆಟ್ಟ ಪ್ರತಿ ಸಾಕು. ಆದುದರಿಂದ ತಂದೆಯೋ ತಾಯಿಯೋ ಒಬ್ಬರಿಗಿದ್ದರೆ ಪ್ರತಿ ಗರ್ಭಕ್ಕೂ ಎರಡರಲ್ಲಿ ಒಂದು ಪಾಲು. ಮೊದಲ ಮಗುವಿಗೆ ಬಂದುಬಿಟ್ಟಿತು, ಇನ್ನು ಎರಡನೆಯದಕ್ಕೆ ಬಾರದೆಂದು ಭಾವಿಸುವವರಿದ್ದಾರೆ, ಮೂರು ಮಕ್ಕಳೂ ಚೆನ್ನಾಗಿವೆ, ನಾಲ್ಕನೆಯದು ಖಂಡಿತ ಸಿಕ್ಕಿಬೀಳುತ್ತದೆಂದು ಹೆದರುವವರೂ ಇದ್ದಾರೆ. ಚೌಕಾಬಾರದಲ್ಲಿ ಎಸೆದ ಕವಡೆಗೆ ಹಿಂದಿನ ಎಸೆತದ ನೆನಪಿರುವುದಿಲ್ಲವೆಂಬುದು ಗೊತ್ತಿದ್ದರೆ ಎರಡೂ ತಪ್ಪೆಂಬುದು ತಿಳಿಯುತ್ತದೆ. ಕೆಟ್ಟ ಪ್ರತಿ ಬಾರದ ಮಗು ಅದನ್ನು ಮುಂದಿನ ಪೀಳಿಗೆಗೆ ದಾಟಿಸುವುದಿಲ್ಲ ಎಂಬ ಮಾತು ಇನ್ನೂ ಮುಖ್ಯವಾದದ್ದು, ಆದರೆ ಮದುವೆಯ ಮಾತುಕತೆಗಳಲ್ಲಿ ಅಷ್ಟೇ ಸುಲಭವಾಗಿ ಮರೆತುಹೋಗುವಂಥದ್ದು.

ಕಷ್ಟವಿರುವುದು ಕಾಲದಲ್ಲಿ. ಲಕ್ಷಣಗಳು ತಡವಾಗಿ ಕಾಣುವವರಲ್ಲಿ ತಮಗೆ ಕಾಯಿಲೆಯಿದೆಯೆಂದು ತಿಳಿಯುವಷ್ಟರಲ್ಲಿ ಮಕ್ಕಳು ಹುಟ್ಟಿಯಾಗಿರುತ್ತವೆ.

ಹತ್ತಿರದ ಸಂಬಂಧದಲ್ಲಿ ಮದುವೆಯಾಗುವುದರಿಂದಲೇ ಈ ಕಾಯಿಲೆ ಬಂತೆಂಬ ಮಾತು ಎಲ್ಲೆಡೆ ಕೇಳುತ್ತದೆ, ಅದು ಅರ್ಧ ಮಾತ್ರ ಸರಿ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನನ್ನು ವರಿಸುವುದು ಕರ್ನಾಟಕದ ಹಲವು ಸಮುದಾಯಗಳಲ್ಲಿ ಹಳೆಯ ರೂಢಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಲಂಡನ್ನಿನಿಂದ ಬಂದ ಎ.ಎಚ್. ಬಿಟಲ್ಸ್ ಮತ್ತಿತರರು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದಾಗಿತ್ತು. ಇಂಥ ಮದುವೆಗಳಲ್ಲಿ ಹೆಚ್ಚುವುದು ಮುಖ್ಯವಾಗಿ ಅಪ್ರಬಲ ಕಾಯಿಲೆಗಳ ಅಪಾಯ, ಏಕೆಂದರೆ ಒಬ್ಬ ಅಜ್ಜನ ಕೆಟ್ಟ ಪ್ರತಿಯೊಂದು ಎರಡು ದಾರಿಗಳಿಂದ ಬಂದು ಮೊಮ್ಮಗುವಿನಲ್ಲಿ ಕೂಡಿಕೊಳ್ಳಬಹುದು. ಹಂದಿಗೋಡಿನಂಥ ಪ್ರಬಲ ಕಾಯಿಲೆಗೆ ಅಂಥ ಕೂಡಿಕೆಯ ಅಗತ್ಯವಿಲ್ಲ. ಕಾಯಿಲೆಯಿರುವವರು ದೂರದ ಊರಿನ ಅಪರಿಚಿತರನ್ನು ಮದುವೆಯಾದರೂ ಎರಡರಲ್ಲಿ ಒಂದು ಪಾಲು ಹಾಗೆಯೇ ಇರುತ್ತದೆ. ಕಾಯಿಲೆಯಿರುವ ಇಬ್ಬರೇ ಪರಸ್ಪರ ಮದುವೆಯಾದರೆ ಮಾತ್ರ ಅಪಾಯ ನಾಲ್ಕರಲ್ಲಿ ಮೂರು ಪಾಲಿಗೆ ಏರುತ್ತದೆ. ಕಾಯಿಲೆಯ ಹೆಸರು ಕೇಳಿ ಹೊರಗಿನವರು ಹೆಣ್ಣು ಕೊಡಲು ಹಿಂಜರಿದಷ್ಟೂ ಒಳಗೊಳಗೇ ಸಂಬಂಧ ಬೆಳೆಸುವ ಒತ್ತಡ ಹೆಚ್ಚುತ್ತದೆಂಬುದನ್ನು ದೂರುವವರು ಗಮನಿಸುವುದಿಲ್ಲ.

ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಕಾಯಿಲೆ ಬಹುಮಟ್ಟಿಗೆ ಚನ್ನಂಗಿ ಮತ್ತು ಛಲವಾದಿ ಎಂಬ ಎರಡು ದಲಿತ ಸಮುದಾಯಗಳ ಕುಟುಂಬಗಳಲ್ಲಿ ದಾಖಲಾಗಿದೆ. ಇದನ್ನು ‘ಜಾತಿಯ ಕಾಯಿಲೆ’ ಎನ್ನುವವರಿಗೆ ಜೀನು ಜಾತಿಯನ್ನು ನೋಡುವುದಿಲ್ಲವೆಂದು ಹೇಳಿದರಷ್ಟೇ ಸಾಲದು, ಜಾತಿಯ ಬೇಲಿ ಜೀನನ್ನು ಒಳಗೇ ಉಳಿಸುತ್ತದೆಂದೂ ಹೇಳಬೇಕು. ಹಿಂದೆಂದೋ ಒಬ್ಬ ಪೂರ್ವಜರಲ್ಲಿ ಆದ ಬದಲಾವಣೆ ಒಳಮದುವೆಗಳ ಮೂಲಕ ಒಂದೇ ಗುಂಪಿನೊಳಗೆ ಸುತ್ತುತ್ತ ಉಳಿಯುವುದನ್ನು ಮೂಲಪುರುಷ ಪರಿಣಾಮ ಎನ್ನಬಹುದು. ಮೇಲ್ಜಾತಿಗಳೂ ಇದರಿಂದ ಹೊರತಲ್ಲ: ಆರ್ಯವೈಶ್ಯರಲ್ಲಿ ಒಂದು ಕಿಣ್ವದ ಕೊರತೆ ಹೆಚ್ಚಾಗಿರುವುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧದ ಪರಿಣಾಮ ಗಂಟೆಗಟ್ಟಲೆ ಇಳಿಯದೆ ಉಸಿರಾಟಕ್ಕೆ ತೊಂದರೆಯಾಗುತ್ತದೆಂಬುದು ಅರಿವಳಿಕೆ ವೈದ್ಯರಿಗೆ ಚೆನ್ನಾಗಿ ಗೊತ್ತು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್, ಅಮೆರಿಕದ ಡೇವಿಡ್ ರೈಕ್ ಮತ್ತಿತರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 81 ಗುಂಪುಗಳಲ್ಲಿ ಈ ಪರಿಣಾಮ, ಅದಕ್ಕೆ ಉದಾಹರಣೆಯಾಗಿಯೇ ಹೆಸರಾದ ಫಿನ್ಲೆಂಡಿನವರಿಗಿಂತಲೂ ಪ್ರಬಲವಾಗಿದೆಯೆಂದು ತೋರಿಸಿದರು. ‘ರಕ್ತಶುದ್ಧಿ’ ಎಂದು ಮೆರೆಸುವ ಆಚಾರದ ಜೈವಿಕ ಬೆಲೆ ಇದು.

ಇದೇ ವಿಜ್ಞಾನವನ್ನು ತಲೆಕೆಳಗು ಮಾಡಿ ಓದುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. 1933ರ ಜುಲೈನಲ್ಲಿ ಜರ್ಮನಿಯ ನಾಜಿ ಸರ್ಕಾರ ಕಾನೂನು ಮಾಡಿ ವಂಶಪಾರಂಪರ್ಯ ಕಾಯಿಲೆಯವರೆಂದು ಗುರುತಿಸಿದವರಿಗೆ ಬಲವಂತವಾಗಿ ಸಂತಾನಶಕ್ತಿಹರಣ ಮಾಡಿಸಿತು. 2022ರ ಮೇ 14ರಂದು ಅಮೆರಿಕದ ಬಫಲೋ ನಗರದ ಅಂಗಡಿಯೊಂದರಲ್ಲಿ ಹತ್ತು ಮಂದಿ ಕರಿಯರನ್ನು ಕೊಂದ ಯುವಕನು ಅಂತರ್ಜಾಲದ ಜನಾಂಗದ್ವೇಷಿ ಗುಂಪುಗಳಲ್ಲಿ ಬೆಳೆದವನಾಗಿದ್ದು, ತನ್ನ ಕೃತ್ಯದ ಸಮರ್ಥನೆಗೆ ತಳಿವಿಜ್ಞಾನದ ಸಂಶೋಧನಾ ಲೇಖನಗಳನ್ನೇ ತಿರುಚಿ ಬಳಸಿಕೊಂಡಿದ್ದನು. ಹಂದಿಗೋಡಿನ ಸಂದರ್ಭದಲ್ಲಿ ಅಂಥ ಹಿಂಸೆಯ ಮಾತಿಲ್ಲವಾದರೂ, ‘ಇವರು ಮಕ್ಕಳನ್ನು ಹೆರಲೇಬಾರದು’ ಎಂದು ಹೊರಗಿನವರು ತೀರ್ಪು ಕೊಡುವ ಸಲೀಸುತನ ಅದೇ ಬೇರಿನಿಂದ ಚಿಗುರಿದ್ದು.

ಕಾಯಿಲೆಯಿರುವ ಮಹಿಳೆ ಗರ್ಭಿಣಿಯಾದಾಗ ಮಗುವಿಗಿಂತ ಮೊದಲು ಆಕೆಯ ದೇಹದ ಪ್ರಶ್ನೆ ಬರುತ್ತದೆ. ಎತ್ತರ ಕಡಿಮೆಯಿದ್ದು ಸೊಂಟದ ಎಲುಬಿನ ದಾರಿ ಕಿರಿದಾಗಿದ್ದರೆ ಮಗುವಿನ ತಲೆ ಇಳಿಯಲು ಅಡ್ಡಿಯಾಗುತ್ತದೆ. ಸೊಂಟದ ಕೀಲು ಬಿಗಿದುಕೊಂಡು ತೊಡೆಗಳನ್ನು ಅಗಲಿಸಲಾಗದಿದ್ದರೆ ಹೆರಿಗೆಯಷ್ಟೇ ಅಲ್ಲ, ಸಾಮಾನ್ಯ ಒಳತಪಾಸಣೆಯೂ ನರಕವಾಗುತ್ತದೆ. ಬೆನ್ನೆಲುಬು ಸೊಟ್ಟಗಿದ್ದರೆ ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿ ಹಾಕುವುದು ಕಷ್ಟ, ಎದೆಗೂಡು ಚಿಕ್ಕದಿದ್ದರೆ ಕೊನೆಯ ತಿಂಗಳುಗಳಲ್ಲಿ ಉಸಿರಿಗೆ ಜಾಗ ಸಾಲದು. ಗರ್ಭದ ತೂಕವೆಲ್ಲ ಮೊದಲೇ ಸವೆದ ಕೀಲಿನ ಮೇಲೆ ಬೀಳುತ್ತದೆ. ನೋವಿಗೆಂದು ಅಂಗಡಿಯಿಂದ ಕೊಂಡು ನುಂಗುವ ಕೆಲವು ಮಾತ್ರೆಗಳನ್ನು ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ತೆಗೆದುಕೊಳ್ಳಬಾರದು, ಮಗುವಿನ ಹೃದಯದ ಬಳಿಯ ರಕ್ತನಾಳದ ಮೇಲೆ ಅವು ಪರಿಣಾಮ ಬೀರುತ್ತವೆ. ಆದುದರಿಂದ ತಾಯಿ ಕಾರ್ಡ್ ಬರೆಯುವ ದಿನವೇ ಇಂಥವರನ್ನು ಹೆಚ್ಚಿನ ಅಪಾಯದ ಗರ್ಭಿಣಿಯೆಂದು ಗುರುತಿಸಿ, ಅರಿವಳಿಕೆ ವೈದ್ಯರೂ ರಕ್ತನಿಧಿಯೂ ಇರುವ ಆಸ್ಪತ್ರೆಯಲ್ಲಿ, ಅಂದರೆ ಶಿವಮೊಗ್ಗದ ಮೆಗ್ಗಾನ್‌ನಂಥ ಕಡೆ, ಹೆರಿಗೆಯ ವ್ಯವಸ್ಥೆಯನ್ನು ಮೊದಲೇ ಮಾಡಬೇಕಾಗುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುವುದು ಇಂಥವರನ್ನು ಹುಡುಕುವುದಕ್ಕಾಗಿಯೇ. ನೋವು ಶುರುವಾದ ಮೇಲೆ ಮಳೆಗಾಲದ ರಸ್ತೆಯಲ್ಲಿ ವಾಹನ ಹುಡುಕುವ ಸ್ಥಿತಿ ಇವರಿಗೆ ಬರಬಾರದು.

ವಂಶಕ್ಕೆ ಬರುವುದೆಲ್ಲ ಜೀನಿನಿಂದಲೇ ಬರುತ್ತದೆಂಬುದೂ ಸರಿಯಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ, ಗರ್ಭದ ಕಾಲದಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳು ಬೆಳೆಯುತ್ತ ಹೆಚ್ಚು ಕೊಬ್ಬನ್ನೂ ಇನ್ಸುಲಿನ್‌ಗೆ ಕಡಿಮೆ ಸ್ಪಂದನೆಯನ್ನೂ ತೋರುತ್ತವೆಂದು ಕಂಡುಕೊಂಡಿತು. ಇಲ್ಲಿ ಜೀನಿನ ಜೊತೆಗೆ ಗರ್ಭದ ಪರಿಸರವೂ ಕೆಲಸ ಮಾಡುತ್ತದೆ, ಮತ್ತು ಅದನ್ನು ತಿದ್ದಲು ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 11,000 ಗರ್ಭಿಣಿಯರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ, ಗರ್ಭದ ರಕ್ತದೊತ್ತಡದ ಗಂಡಾಂತರವನ್ನು ತಡೆಯಲು ದಿನಕ್ಕೆ 1500 ಮಿಲಿಗ್ರಾಂ ಬದಲು 500 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕೆಂದು ತೋರಿಸಿತು. ಇಂಥ ಕ್ಯಾಲ್ಸಿಯಂ ಮಾತ್ರೆ ಹಂದಿಗೋಡು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಆದರೆ ಕಾಯಿಲೆಯಿರುವ ಗರ್ಭಿಣಿಗೂ ಅದು ಉಳಿದವರಿಗೆ ಬೇಕಾದಷ್ಟೇ ಬೇಕು.

ಗರ್ಭದಲ್ಲಿಯೇ ಪರೀಕ್ಷಿಸಿ ತಿಳಿಯಲಾಗದೆ ಎಂಬುದು ಹಲವರ ಪ್ರಶ್ನೆ. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುವುದು ಗರ್ಭದಲ್ಲೇ ಮೂಳೆ ತೀರಾ ಗಿಡ್ಡವಾಗುವ ಕಾಯಿಲೆಗಳು. ಹುಟ್ಟಿದ ವರ್ಷಗಳ ನಂತರ ಕಾಣುವ ಕಾಯಿಲೆಗೆ ಅದು ಉತ್ತರವಲ್ಲ. ಡಿಎನ್‌ಎ ಪರೀಕ್ಷೆ ಮಾಡಬೇಕಾದರೆ ಆ ಕುಟುಂಬದಲ್ಲಿ ಯಾವ ಜೀನಿನ ಯಾವ ಬದಲಾವಣೆ ಇದೆಯೆಂಬುದು ಕಾಯಿಲೆಯಿರುವವರ ರಕ್ತದಿಂದ ಮೊದಲೇ ಗೊತ್ತಾಗಿರಬೇಕು, ಅದೂ ಗರ್ಭಕ್ಕೆ ಮುನ್ನವೇ ಆದರೆ ಒಳ್ಳೆಯದು. 1994ರ ಕಾನೂನು ಲಿಂಗ ಪತ್ತೆಯನ್ನು ನಿಷೇಧಿಸಿದರೂ ವಂಶಪಾರಂಪರ್ಯ ಕಾಯಿಲೆಯ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಡುತ್ತದೆ. ಆದರೆ ಪರೀಕ್ಷೆಗಿಂತ ಮೊದಲು ಬೇಕಾದುದು ತಳಿ ಆಪ್ತಸಮಾಲೋಚನೆ: ಮೂರು ತಲೆಮಾರಿನ ವಂಶವೃಕ್ಷ ಬರೆದು, ಅಪಾಯದ ಪಾಲು ಎಷ್ಟೆಂದು ಹೇಳಿ, ನಿರ್ಧಾರವನ್ನು ದಂಪತಿಗೇ ಬಿಡುವ ಕೆಲಸ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳಲ್ಲಿ ಇದಕ್ಕೆ ತಜ್ಞರಿದ್ದಾರೆ. ಸೊರಬದಿಂದ ಬೆಂಗಳೂರು ಒಂದು ರಾತ್ರಿಯ ಬಸ್ ಪ್ರಯಾಣ, ಸೊಂಟದ ಕೀಲು ಸವೆದವರಿಗೆ ಅದೇನು ಸಣ್ಣ ಮಾತಲ್ಲ. ವಂಶವೃಕ್ಷದ ಮೊದಲ ಗೆರೆಗಳನ್ನು ಬರೆಯಲು ತಜ್ಞರೇ ಬೇಕಿಲ್ಲ. ಯಾರ ಅಜ್ಜಿ ಕೋಲೂರಿ ನಡೆಯುತ್ತಿದ್ದರು, ಯಾರ ಚಿಕ್ಕಪ್ಪ ಮೂವತ್ತಕ್ಕೇ ಕೂಲಿ ಬಿಟ್ಟರು ಎಂಬುದು ಊರಿನ ಆಶಾ ಕಾರ್ಯಕರ್ತೆಗೆ ಎಂಥ ಆಸ್ಪತ್ರೆಯ ಕಡತಕ್ಕಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಈಗಾಗಲೇ ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದಾರಿಯೊಂದನ್ನು ತೆರೆದಿದೆ. ಅದು ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಚಲನವೈಕಲ್ಯವೂ ಕುಬ್ಜತೆಯೂ ಸೇರಿರುವುದರಿಂದ ಪ್ರಮಾಣಪತ್ರ, ಮಾಸಾಶನ, ಶಿಕ್ಷಣದಲ್ಲಿ ಮೀಸಲಾತಿಗಳನ್ನು ಕೇಳುವ ಹಕ್ಕು ಅವರಿಗಿದೆ. ಸೊಂಟದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ ಅನೇಕರನ್ನು ಮತ್ತೆ ಎದ್ದು ನಡೆಯುವಂತೆ ಮಾಡಬಲ್ಲದು. ಕೃತಕ ಕೀಲು ಹದಿನೈದು ಇಪ್ಪತ್ತು ವರ್ಷ ಬಾಳಿಕೆ ಬಂದೀತು, ಮೂವತ್ತರ ವಯಸ್ಸಿನಲ್ಲಿ ಹಾಕಿಸಿಕೊಂಡವರಿಗೆ ಐವತ್ತರ ಹೊತ್ತಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದೀತು. ನೆರವಿನ ಯೋಜನೆಗಳು ಮೊದಲನೆಯದಕ್ಕೆ ಹಣ ಕೊಡುವಾಗಲೇ ಎರಡನೆಯದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.